ಹೃದಯದ ಕಾಲುವೆಗಳನ್ನು ತೆರೆದವನು: ಆಂಡ್ರಿಯಾಸ್ ಗ್ರುಂಟ್ಸಿಗ್

ಕನ್ನಡದಲ್ಲಿ ಗುಂಡಿಗೆ ಎಂಬ ಮಾತಿಗೆ ಎರಡು ಅರ್ಥಗಳುಂಟು. ಎದೆಗೂಡಿನೊಳಗೆ ಹಗಲಿರುಳೂ ಮಿಡಿಯುವ ಅವಯವ ಒಂದು, ಧೈರ್ಯ ಮತ್ತೊಂದು. ಗುಂಡಿಗೆಯುಳ್ಳವನು ಎಂದು ನಮ್ಮ ಹಳ್ಳಿಯ ಹಿರಿಯರು ಒಬ್ಬನನ್ನು ಕುರಿತು ಹೇಳಿದರೆ ಅವರು ಅವನ ಅಂಗರಚನೆಯ ಮಾತನ್ನಾಡುತ್ತಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನಂಥವನಿಗೆ ಹೃದಯವೆಂದರೆ ಸಾಮಾನ್ಯವಾಗಿ ಕಾವ್ಯದ ವಸ್ತು: ಅದು ಕರಗುತ್ತದೆ, ಒಡೆಯುತ್ತದೆ, ತುಂಬಿಬರುತ್ತದೆ. ವೈದ್ಯನಿಗಾದರೋ ಅದು ಮುಷ್ಟಿಯಷ್ಟು ಗಾತ್ರದ ಒಂದು ಸ್ನಾಯು. ದೇಹಕ್ಕೆಲ್ಲ ರಕ್ತವನ್ನು ತಳ್ಳುತ್ತಿದ್ದರೂ ತನ್ನ ಹಸಿವಿಗೆ ಬೇಕಾದ ರಕ್ತವನ್ನು ತನ್ನ ಮೈಮೇಲೆ ಹಬ್ಬಿದ ಕೆಲವು ಸಣ್ಣ ನಾಳಗಳಿಂದಲೇ ಪಡೆಯಬೇಕಾದ ಸ್ನಾಯು. ಆ ನಾಳಗಳು ಮುಚ್ಚಿದರೆ ಕಾವ್ಯವೂ ಇಲ್ಲ, ಧೈರ್ಯವೂ ಇಲ್ಲ. ಅವನ್ನು ಎದೆ ಸೀಳದೆಯೇ ತೆರೆಯಬಹುದೆಂದು ತೋರಿಸಿಕೊಟ್ಟ ಒಬ್ಬ ವೈದ್ಯನ ಜೀವನವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆತನಲ್ಲಿ ಗುಂಡಿಗೆ ಇದ್ದಿತು. ಆದರೆ ನನ್ನನ್ನು ಸೆಳೆದದ್ದು ಅದಕ್ಕಿಂತ ಹೆಚ್ಚಾಗಿ, ತನ್ನ ಧೈರ್ಯಕ್ಕೆ ಆತನು ತಾನೇ ಹಾಕಿಕೊಂಡ ಎಲ್ಲೆ.

ಈ ನಾಳಗಳನ್ನು ನಮ್ಮ ಪರಿಭಾಷೆಯಲ್ಲಿ ಪರಿಧಮನಿಗಳೆಂದು ಕರೆಯುತ್ತಾರೆ. ಪಾಶ್ಚಾತ್ಯರು ಅವಕ್ಕೆ ಇಟ್ಟಿರುವ ಹೆಸರು ಕಿರೀಟವೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ಹೃದಯದ ನೆತ್ತಿಯನ್ನು ಅವು ಕಿರೀಟದಂತೆ ಸುತ್ತುವರಿದಿವೆ ಎಂಬುದು ಅದರ ಭಾವ. ಮಹಾಧಮನಿಯ ಬುಡದಲ್ಲಿ ಬಲಕ್ಕೊಂದು, ಎಡಕ್ಕೊಂದು ಹುಟ್ಟಿ, ಎಡದ್ದು ಬೇಗನೆ ಎರಡಾಗಿ ಕವಲೊಡೆಯುತ್ತದೆ. ಹುಟ್ಟುವಲ್ಲಿ ಅವುಗಳ ಒಳಗಲ ಕೆಲವೇ ಮಿಲಿಮೀಟರು. ವಯಸ್ಸು, ತಂಬಾಕು, ಮಧುಮೇಹ, ಏರಿದ ರಕ್ತದೊತ್ತಡ, ರಕ್ತದಲ್ಲಿ ಮಿತಿಮೀರಿದ ಕೊಬ್ಬು, ಇವೆಲ್ಲ ಸೇರಿ ನಾಳದ ಗೋಡೆಯೊಳಗೆ ಒಂದು ಬಾವು ಬೆಳೆಯುತ್ತದೆ. ಕಾಲುವೆಯಲ್ಲಿ ಹೂಳು ತುಂಬುವಂತೆ ದಾರಿ ಕಿರಿದಾಗುತ್ತದೆ. ಮೆಟ್ಟಿಲೇರುವಾಗ ಎದೆ ಹಿಂಡಿದಂತಾಗುವ ನೋವು ಇದರ ಮೊದಲ ಸೂಚನೆ. ಕಿರಿದಾದೆಡೆ ಒಮ್ಮೆಲೇ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿದರೆ ಅದೇ ಹೃದಯಾಘಾತ.

ಹೃದಯವನ್ನು ಮುಟ್ಟುವುದೇ ಅಪಚಾರವೆಂದು ವೈದ್ಯರು ಬಹುಕಾಲ ನಂಬಿದ್ದರು. ಆ ಭಯವನ್ನು ಮುರಿದವನು ವರ್ನರ್ ಫೋರ್ಸ್‌ಮಾನ್ ಎಂಬ ಜರ್ಮನ್ ತರುಣ. ೧೯೨೯ರಲ್ಲಿ, ಬರ್ಲಿನ್ನಿನ ಸಮೀಪದ ಎಬರ್ಸ್‌ವಾಲ್ಡೆಯ ಆಸ್ಪತ್ರೆಯಲ್ಲಿ, ಆತನು ತನ್ನ ತೋಳಿನ ಅಭಿಧಮನಿಯೊಳಗೆ ತಾನೇ ಒಂದು ತೆಳು ನಳಿಕೆಯನ್ನು ತೂರಿಸಿ, ಅದನ್ನು ಹೃದಯದವರೆಗೆ ತಳ್ಳಿ, ನಡೆದುಕೊಂಡೇ ಕ್ಷಕಿರಣದ ಕೋಣೆಗೆ ಹೋಗಿ ಚಿತ್ರ ತೆಗೆಸಿಕೊಂಡನು. ಆಗ ಬಂದದ್ದು ನಿಂದೆ. ನೊಬೆಲ್ ಪಾರಿತೋಷಕ ಬಂದದ್ದು ೧೯೫೬ರಲ್ಲಿ. ೧೯೫೮ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯನು ಪರೀಕ್ಷೆಯೊಂದನ್ನು ನಡೆಸುತ್ತಿದ್ದಾಗ, ಕ್ಷಕಿರಣದಲ್ಲಿ ಕಾಣುವ ಬಣ್ಣದ ದ್ರವವು ಆಕಸ್ಮಿಕವಾಗಿ ನೇರ ಪರಿಧಮನಿಯೊಳಕ್ಕೇ ಹರಿಯಿತು. ರೋಗಿ ಬದುಕಿದನು, ಪರಿಧಮನಿಯ ಚಿತ್ರವನ್ನು ತೆಗೆಯುವ ವಿದ್ಯೆ ಹುಟ್ಟಿತು. ಎಲ್ಲಿ ಅಡೆಯಿದೆಯೆಂಬುದನ್ನು ಕಣ್ಣಾರೆ ಕಂಡಮೇಲೆ ಅದನ್ನು ದಾಟಿಸುವ ಹವಣು ನಡೆಯಿತು. ೧೯೬೭ರಲ್ಲಿ ಅದೇ ಕ್ಲೀವ್‌ಲೆಂಡಿನಲ್ಲಿ ಅರ್ಜೆಂಟೀನಾದ ಶಸ್ತ್ರವೈದ್ಯ ರೆನೆ ಫವಲೋರೋ ರೋಗಿಯ ಕಾಲಿನ ಅಭಿಧಮನಿಯ ತುಂಡನ್ನು ತೆಗೆದು, ಮುಚ್ಚಿದೆಡೆಯನ್ನು ಬಳಸಿ ಹೋಗುವ ಹೊಸ ಕಾಲುವೆಯನ್ನು ಹೊಲಿದನು. ಇಂದು ಬೈಪಾಸ್ ಎಂದು ಮನೆಮಾತಾಗಿರುವ ಶಸ್ತ್ರಚಿಕಿತ್ಸೆ ಇದೇ. ಜೀವ ಉಳಿಸುವ ಕ್ರಮವೇನೋ ಹೌದು. ಆದರೆ ಎದೆಯ ಮೂಳೆಯನ್ನು ಕೊಯ್ಯಬೇಕು, ವಾರಗಟ್ಟಲೆ ಚೇತರಿಸಿಕೊಳ್ಳಬೇಕು.

ಇದಕ್ಕೂ ಮೊದಲೇ, ೧೯೬೩ರಲ್ಲಿ, ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಮತ್ತೊಂದು ಆಕಸ್ಮಿಕ ನಡೆದಿತ್ತು. ಚಾರ್ಲ್ಸ್ ಡಾಟರ್ ಎಂಬ ಕ್ಷಕಿರಣತಜ್ಞನು ಒಬ್ಬ ರೋಗಿಯ ಧಮನಿಯಲ್ಲಿ ನಳಿಕೆ ಹಾಯಿಸುತ್ತಿದ್ದಾಗ, ಸೊಂಟದ ಬಳಿ ಪೂರ್ತಿ ಮುಚ್ಚಿದ್ದ ನಾಳವೊಂದನ್ನು ಆ ನಳಿಕೆ ತನಗರಿವಿಲ್ಲದೆಯೇ ಭೇದಿಸಿಕೊಂಡು ಆಚೆಗೆ ಹೋಗಿಬಿಟ್ಟಿತು. ಅರಿಯದೆ ಆದದ್ದನ್ನು ಅರಿತು ಮಾಡಬಾರದೇಕೆ ಎಂದು ಡಾಟರ್ ಯೋಚಿಸಿದನು. ೧೯೬೪ರ ಜನವರಿಯಲ್ಲಿ, ಕಾಲು ಕೊಳೆಯತೊಡಗಿದ್ದರೂ ಅದನ್ನು ಕತ್ತರಿಸಲು ಒಪ್ಪದೆ ಮಲಗಿದ್ದ ೮೨ ವರ್ಷದ ವೃದ್ಧೆಯೊಬ್ಬಳ ತೊಡೆಯ ಧಮನಿಯಲ್ಲಿ, ಒಂದರ ಮೇಲೊಂದು ಹೆಚ್ಚು ದಪ್ಪದ ನಳಿಕೆಗಳನ್ನು ತೂರಿಸಿ ಡಾಟರ್ ಮತ್ತು ಆತನ ಸಹೋದ್ಯೋಗಿ ಮೆಲ್ವಿನ್ ಜಡ್ಕಿನ್ಸ್ ದಾರಿ ಮಾಡಿಕೊಟ್ಟರು. ಆಕೆ ತನ್ನ ಎರಡು ಕಾಲುಗಳ ಮೇಲೆಯೇ ನಡೆದು ಮನೆಗೆ ಹೋದಳು. ಆದರೂ ಆತನ ದೇಶದ ವೈದ್ಯರಲ್ಲಿ ಹೆಚ್ಚಿನವರು ಈ ಕ್ರಮವನ್ನು ಕಡೆಗಣಿಸಿದರು. ಅದನ್ನು ಆದರಿಸಿದವರು ಯೂರೋಪಿನ ಕೆಲವು ವೈದ್ಯರು. ನಮ್ಮ ಕಥಾನಾಯಕನ ಪ್ರವೇಶ ಇಲ್ಲಿ.

ಆಂಡ್ರಿಯಾಸ್ ರೋಲಂಡ್ ಗ್ರುಂಟ್ಸಿಗ್ ಹುಟ್ಟಿದ್ದು ೧೯೩೯ನೆಯ ಇಸವಿ ಜೂನ್ ೨೫ರಂದು, ಜರ್ಮನಿಯ ಡ್ರೆಸ್‌ಡೆನ್ ನಗರದಲ್ಲಿ. ಎರಡನೆಯ ಮಹಾಯುದ್ಧ ಆರಂಭವಾಗಲು ಇನ್ನು ಎರಡು ತಿಂಗಳೂ ಚಿಲ್ಲರೆ ದಿನಗಳೂ ಉಳಿದಿದ್ದುವು. ಉಪಾಧ್ಯಾಯನಾಗಿದ್ದ ತಂದೆ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ತಾಯಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು, ಹಾಳಾದ ನಾಡಿನಲ್ಲಿ ನೆಲೆಗಾಗಿ ಅಲೆದಳು. ೧೯೫೦ರ ಸುಮಾರಿಗೆ ಸಮುದ್ರ ದಾಟಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೂ ಹೋದಳು. ಅಲ್ಲಿಯೂ ಮನಸ್ಸು ನಿಲ್ಲದೆ ಕೆಲಕಾಲದ ಮೇಲೆ ಮಕ್ಕಳೊಡನೆ ಲೈಪ್‌ಜಿಗ್ ನಗರಕ್ಕೆ ಮರಳಿದಳು. ಆ ನಗರವಾಗಲೇ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಆಡಳಿತಕ್ಕೆ ಸೇರಿತ್ತು. ಮಹಾಸಂಗೀತಗಾರನಾದ ಬಾಖ್ ಒಂದು ಕಾಲದಲ್ಲಿ ಕಲಿಸುತ್ತಿದ್ದ ಪುರಾತನವಾದ ಥಾಮಸ್ ಶಾಲೆಯಲ್ಲಿ ಆಂಡ್ರಿಯಾಸ್ ಓದಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದನು. ಬರ್ಲಿನ್ನಿನ ಗೋಡೆ ಇನ್ನೂ ಎದ್ದಿರಲಿಲ್ಲ. ಅಣ್ಣನಂತೆಯೇ ತಮ್ಮನೂ ಪಶ್ಚಿಮ ಜರ್ಮನಿಗೆ ದಾಟಿಕೊಂಡು, ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯವಿದ್ಯೆಯನ್ನು ಕಲಿತು ೧೯೬೪ರಲ್ಲಿ ಪದವಿ ಪಡೆದನು. ಡಾಟರ್ ಆ ವೃದ್ಧೆಯ ಕಾಲನ್ನು ಉಳಿಸಿದ ವರ್ಷವೂ ಅದೇ.

ಅನಂತರ ಹಲವು ಊರುಗಳ ಆಸ್ಪತ್ರೆಗಳಲ್ಲಿ ದುಡಿಯುತ್ತ, ಡಾರ್ಮ್‌ಸ್ಟಾಟ್ ನಗರದಲ್ಲಿ ರಕ್ತನಾಳಗಳ ರೋಗಗಳನ್ನು ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ ಆತನಿಗೆ ಡಾಟರನ ಕ್ರಮದ ಪರಿಚಯವಾಯಿತು. ಅದನ್ನು ಜರ್ಮನಿಯಲ್ಲಿ ಬಳಕೆಗೆ ತಂದ ಎಬರ್‌ಹಾರ್ಡ್ ಜೈಟ್ಲರನ ಉಪನ್ಯಾಸವನ್ನು ಆತನು ಕೇಳಿದನು. ೧೯೬೯ರಲ್ಲಿ ಸ್ವಿಟ್ಸರ್ಲೆಂಡಿನ ಜೂರಿಕ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯನ್ನು ಸೇರಿದ ಮೇಲೆ ಅದೇ ಆತನ ತಪಸ್ಸಾಯಿತು. ಡಾಟರನ ಕ್ರಮದಲ್ಲಿ ಒಂದು ಕೊರತೆಯಿತ್ತು. ನಳಿಕೆಯ ದಪ್ಪವೆಷ್ಟೋ ದಾರಿಯ ಅಗಲವೂ ಅಷ್ಟೇ; ದಾರಿ ಅಗಲವಾಗಬೇಕಾದರೆ ದಪ್ಪ ನಳಿಕೆಯನ್ನೇ ಚರ್ಮದೊಳಗಿಂದ ತೂರಿಸಬೇಕು. ಒಳಹೋಗುವಾಗ ಸಣ್ಣದಾಗಿದ್ದು, ಅಡೆಯಿರುವಲ್ಲಿ ಮಾತ್ರ ಉಬ್ಬುವ ಬೆಲೂನೊಂದು ನಳಿಕೆಯ ತುದಿಯಲ್ಲಿದ್ದರೆ ಹೇಗೆ ಎಂದು ಗ್ರುಂಟ್ಸಿಗ್ ಚಿಂತಿಸಿದನು.

ಬೆಲೂನೆಂಬ ಯೋಚನೆ ಸುಲಭ, ಬೆಲೂನು ಕಷ್ಟ. ಹಬ್ಬದಲ್ಲಿ ಮಕ್ಕಳು ಊದುವ ರಬ್ಬರಿನ ಬೆಲೂನನ್ನು ನೆನೆದುಕೊಂಡರೆ ಕಷ್ಟವೇನೆಂಬುದು ವಾಚಕರಿಗೆ ಹೊಳೆಯುತ್ತದೆ. ಅದರ ನಡುವನ್ನು ಬೆರಳಿನಿಂದ ಒತ್ತಿಹಿಡಿದು ಊದಿದರೆ ಬೆರಳಿರುವೆಡೆ ಉಬ್ಬುವುದಿಲ್ಲ. ಆಚೀಚೆ ಉಬ್ಬಿ ಡಮರುವಿನ ಆಕಾರವನ್ನು ತಳೆಯುತ್ತದೆ. ನಾಳದಲ್ಲಿ ಹೀಗಾದರೆ ಅಡೆ ಹಾಗೆಯೇ ಉಳಿದು, ಪಕ್ಕದ ಒಳ್ಳೆಯ ಗೋಡೆ ಹರಿಯುತ್ತದೆ. ಬೇಕಾದದ್ದು ಗೊತ್ತಾದ ಅಳತೆಯವರೆಗೆ ಉಬ್ಬಿ, ಎಷ್ಟು ಒತ್ತಡ ಕೊಟ್ಟರೂ ಅದಕ್ಕಿಂತ ಹಿಗ್ಗದೆ, ಕೊಟ್ಟ ಒತ್ತಡವನ್ನೆಲ್ಲ ಅಡೆಯ ಮೇಲೆಯೇ ಹಾಕುವ ಬೆಲೂನು. ಅಂದರೆ ತನ್ನ ಎಲ್ಲೆಯನ್ನು ತಿಳಿದ ಬೆಲೂನು. ಜೂರಿಕ್ಕಿನ ಸಣ್ಣ ಮನೆಯೊಂದರ ಅಡುಗೆಮನೆಯ ಮೇಜಿನ ಮೇಲೆ, ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ, ಗ್ರುಂಟ್ಸಿಗ್ ಇದನ್ನು ತಯಾರಿಸಲು ತೊಡಗಿದನು. ಹೆಂಡತಿ ಮಿಖಾಯೆಲಾ, ಸಹಾಯಕಿ ಮರಿಯಾ ಶ್ಲುಂಫ್, ಆಕೆಯ ಗಂಡ ವಾಲ್ಟರ್ ಇವರು ಜೊತೆಗಾರರು. ಪ್ಲಾಸ್ಟಿಕ್ಕಿನ ಕೊಳವೆಗಳು, ಅಂಟು, ದಾರ, ಚಾಕು ಇವೇ ಸಾಧನಗಳು. ಯಾವ ವಸ್ತುವಿನಿಂದ ಅಂಥ ಬೆಲೂನು ಆಗಬಹುದೆಂಬುದನ್ನು ಅರಸುತ್ತ ಆತನು ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕನಾದ ಹೈನ್ರಿಖ್ ಹೊಪ್ಫ್‌ನಲ್ಲಿಗೆ ಹೋದನು. ಆತನಿಂದ ಪಾಲಿವಿನೈಲ್ ಕ್ಲೋರೈಡಿನ ಗುಣಗಳ ಅರಿವಾಯಿತು. ಲೆಕ್ಕವಿಲ್ಲದಷ್ಟು ಬೆಲೂನುಗಳು ಒಡೆದ ಮೇಲೆ ಒಂದು ಒಡೆಯದೆ ನಿಂತಿತು.

೧೯೭೪ರ ಫೆಬ್ರವರಿ ೧೨ರಂದು ಈ ಬೆಲೂನಿನಿಂದ ಒಬ್ಬ ರೋಗಿಯ ಕಾಲಿಗೆ ಹೋಗುವ ಧಮನಿ ತೆರೆಯಿತು. ಕಾಲಿನಿಂದ ಹೃದಯಕ್ಕೆ ಹೋಗುವುದಕ್ಕೆ ಆತನಿಗೆ ಮೂರೂವರೆ ವರ್ಷ ಹಿಡಿಯಿತು. ಈ ಮೂರೂವರೆ ವರ್ಷಗಳನ್ನು ಓದುವಾಗ ನನಗೆ ಹೆಚ್ಚಿನ ಗೌರವ ಮೂಡಿತು. ಕಾಲಿನ ನಾಳ ಕೆಲವು ನಿಮಿಷ ಮುಚ್ಚಿದ್ದರೆ ಕಾಲು ಸಹಿಸುತ್ತದೆ. ಹೃದಯದ ನಾಳದಲ್ಲಿ ಬೆಲೂನು ಉಬ್ಬಿದಷ್ಟು ಹೊತ್ತೂ ಅಲ್ಲಿಯ ಸ್ನಾಯು ಉಪವಾಸ; ಮಿಡಿತ ಕೆಡಬಹುದು, ನಿಲ್ಲಲೂಬಹುದು. ಆದ್ದರಿಂದ ಆತನು ಮೆಟ್ಟಿಲು ಮೆಟ್ಟಿಲಾಗಿ ಏರಿದನು. ಒಂದು ಬದಿಯಿಂದ ಬೆಲೂನನ್ನು ಉಬ್ಬಿಸಲೂ ಇನ್ನೊಂದರಿಂದ ನಾಳದೊಳಗಿನ ಒತ್ತಡವನ್ನು ಅಳೆಯಲೂ ಅನುಕೂಲವಾಗುವ ಎರಡು ಒಳದಾರಿಗಳ ನಳಿಕೆಯನ್ನು ಮಾಡಿದನು. ೧೯೭೫ರಲ್ಲಿ ನಾಯಿಗಳ ಹೃದಯದ ಮೇಲೆ ಪರೀಕ್ಷಿಸಿದನು. ೧೯೭೬ರ ನವೆಂಬರಿನಲ್ಲಿ ಅಮೆರಿಕದ ಹೃದಯ ಸಂಘದ ಸಮ್ಮೇಳನದಲ್ಲಿ ಆ ಫಲಿತಾಂಶಗಳನ್ನು ಒಂದು ಭಿತ್ತಿಪತ್ರದಲ್ಲಿ ಬರೆದು ತೂಗುಹಾಕಿದಾಗ, ನೋಡಿದವರಲ್ಲಿ ನಂಬಿದವರಿಗಿಂತ ನಂಬದವರೇ ಹೆಚ್ಚಾಗಿದ್ದರು. ಆಸಕ್ತಿ ತೋರಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರಿಚರ್ಡ್ ಮೈಲರ್ ಒಬ್ಬನು. ೧೯೭೭ರ ಮೇ ತಿಂಗಳಲ್ಲಿ ಆತನ ಊರಿನಲ್ಲಿ, ಬೈಪಾಸಿಗಾಗಿ ಎದೆ ತೆರೆದಿದ್ದ ರೋಗಿಯೊಬ್ಬನ ಪರಿಧಮನಿಯಲ್ಲಿ ಬೆಲೂನನ್ನು ಉಬ್ಬಿಸಿ ನೋಡಲಾಯಿತು. ಅಡೆ ಒಡೆದು ಅದರ ತುಣುಕುಗಳು ಮುಂದಕ್ಕೆ ಕೊಚ್ಚಿಹೋಗಿ ಬೇರೆಡೆ ಸಿಕ್ಕಿಕೊಳ್ಳಬಹುದೆಂಬ ಭಯವಿತ್ತು. ಅಂಥ ತುಣುಕುಗಳು ಕಾಣಲಿಲ್ಲ.

೧೯೭೭ರ ಸೆಪ್ಟೆಂಬರ್ ೧೬ರಂದು ಜೂರಿಕ್ಕಿನಲ್ಲಿ ಆ ದಿನ ಬಂದಿತು. ರೋಗಿ ಇನ್ನೂ ನಲವತ್ತು ತುಂಬದ ಗೃಹಸ್ಥ. ಎಡ ಪರಿಧಮನಿಯ ಮುಂಗವಲಿನ ಮೊದಲ ಭಾಗದಲ್ಲಿ ಒಂದೇ ಒಂದು ಗಿಡ್ಡನೆಯ ಇಕ್ಕಟ್ಟು. ಉಳಿದ ನಾಳಗಳೆಲ್ಲ ಸ್ವಚ್ಛ. ಗ್ರುಂಟ್ಸಿಗ್ ಎಷ್ಟೋ ದಿನಗಳಿಂದ ಕಾದಿದ್ದುದು ಇಂಥ ರೋಗಿಗೇ. ಇದುವರೆಗೆ ಯಾವ ಮನುಷ್ಯನ ಮೇಲೂ ಹೀಗೆ ಮಾಡಿಲ್ಲವೆಂಬುದನ್ನು ರೋಗಿಗೆ ತಿಳಿಸಲಾಗಿತ್ತು. ಆತನು ತಿಳಿದೇ ಒಪ್ಪಿದನು. ಏನಾದರೂ ಕೆಟ್ಟರೆ ತಕ್ಷಣ ಎದೆ ತೆರೆಯಲು ಶಸ್ತ್ರವೈದ್ಯರ ತಂಡ ಸಿದ್ಧವಾಗಿತ್ತು. ಅಲ್ಲಿಯ ಹಿರಿಯ ಶಸ್ತ್ರವೈದ್ಯನಾದ ಓಕೆ ಸೆನ್ನಿಂಗ್, ತನ್ನ ಶಸ್ತ್ರಕ್ಕೇ ಪ್ರತಿಸ್ಪರ್ಧಿಯಾಗಬಹುದಾದ ಈ ಕ್ರಮಕ್ಕೆ ಬೆಂಬಲವಾಗಿ ನಿಂತದ್ದು ದೊಡ್ಡ ಮನಸ್ಸಿನ ಲಕ್ಷಣ. ರೋಗಿ ಎಚ್ಚರವಾಗಿಯೇ ಇದ್ದನು. ತೊಡೆಯ ಸಂದಿಯ ಧಮನಿಯಿಂದ ಹೊರಟ ನಳಿಕೆ ಹೃದಯವನ್ನು ಸೇರಿತು. ಬೆಲೂನು ಇಕ್ಕಟ್ಟಿನಲ್ಲಿ ಎರಡು ಬಾರಿ ಉಬ್ಬಿ ಇಳಿಯಿತು. ಭಯಪಟ್ಟಂತೆ ಮಿಡಿತ ಕೆಡಲಿಲ್ಲ. ಅಡೆಯ ಆಚೆಗಿನ ಒತ್ತಡ ಏರಿತು. ರಕ್ತ ಸರಾಗವಾಗಿ ಹರಿಯಿತು. ಇಷ್ಟು ಸುಲಭವಾಗಿ ಮುಗಿದದ್ದನ್ನು ಕಂಡು ಅಲ್ಲಿದ್ದವರೇ ಬೆರಗಾದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಗ್ರುಂಟ್ಸಿಗ್ ಒಬ್ಬ ಜಾಣ ಉಪಜ್ಞಕನೆಂದಷ್ಟೇ ಹೇಳಿ ನಾನು ಸುಮ್ಮನಾಗುತ್ತಿದ್ದೆ. ಮುಂದಿನದೇ ನನಗೆ ಮುಖ್ಯವಾಗಿ ಕಾಣುತ್ತದೆ. ಮೊದಲ ನಾಲ್ವರ ವಿವರವನ್ನು ಆ ವರ್ಷದ ಕೊನೆಯಲ್ಲಿ ಅಮೆರಿಕದ ಅದೇ ಸಮ್ಮೇಳನದಲ್ಲಿ ಆತನು ಮಂಡಿಸಿದಾಗ ಸಭೆ ಕರತಾಡನ ಮಾಡಿತು. ಜಯಘೋಷ ಕಿವಿಯಲ್ಲಿರುವಾಗ ತಾಳ್ಮೆಯಿಂದಿರುವುದು ಎಲ್ಲರಿಗೂ ಸಾಧ್ಯವಲ್ಲ. ೧೯೭೯ರಲ್ಲಿ ಆತನೂ ಸಹೋದ್ಯೋಗಿಗಳೂ ಮೊದಲ ೫೦ ರೋಗಿಗಳ ಫಲವನ್ನು ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಸಫಲವಾದದ್ದು ೩೨ ಮಂದಿಯಲ್ಲಿ. ಐವರ ಸ್ಥಿತಿ ಒಮ್ಮೆಲೇ ಕೆಟ್ಟು ತುರ್ತಾಗಿ ಬೈಪಾಸ್ ಮಾಡಬೇಕಾಯಿತು. ಮೂವರಲ್ಲಿ ಹೃದಯಸ್ನಾಯುವಿಗೆ ಪೆಟ್ಟಾದುದರ ಗುರುತು ಕಂಡಿತು. ಇದೆಲ್ಲವನ್ನೂ ಬಚ್ಚಿಡದೆ ಬರೆದರು. ಅಷ್ಟೇ ಅಲ್ಲ, ಬೈಪಾಸಿಗೆ ಬರುವ ರೋಗಿಗಳಲ್ಲಿ ನೂರಕ್ಕೆ ೧೦ರಿಂದ ೧೫ ಮಂದಿಗೆ ಮಾತ್ರ ಈ ಕ್ರಮ ತಕ್ಕದ್ದೆಂದೂ, ಇದರ ನಿಜವಾದ ಬೆಲೆ ತಿಳಿಯಬೇಕಾದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿ ನೋಡಬೇಕೆಂದೂ ಹೇಳಿದರು. ತನ್ನ ಕೃತಿಯನ್ನು ತಾನೇ ವಿಮರ್ಶಕನ ಕೈಗೆ ಒಪ್ಪಿಸುವ ಕವಿಗಳು ನಮ್ಮಲ್ಲಿ ಎಷ್ಟು ಮಂದಿ?

ಕಲಿಸುವುದರಲ್ಲಿಯೂ ಆತನದು ಇದೇ ರೀತಿ. ೧೯೭೮ರ ಆಗಸ್ಟಿನಲ್ಲಿ ಜೂರಿಕ್ಕಿನಲ್ಲಿ ೨೮ ವೈದ್ಯರನ್ನು ಕೂಡಿಸಿ, ತಾನು ಚಿಕಿತ್ಸೆ ಮಾಡುವುದನ್ನು ಟೆಲಿವಿಷನ್ನಿನ ಮೂಲಕ ಆ ಕ್ಷಣದಲ್ಲಿಯೇ ಅವರಿಗೆ ತೋರಿಸಿದನು. ಆಯ್ದು ತಿದ್ದಿದ ಚಿತ್ರವನ್ನಲ್ಲ. ಕೈ ನಡುಗಿದರೆ ಆ ನಡುಕ, ಅಡೆ ಬಿಡದಿದ್ದರೆ ಆ ಸೋಲು, ರೋಗಿಯ ಸ್ಥಿತಿ ಕೆಟ್ಟರೆ ಆ ಕಳವಳ, ಎಲ್ಲವೂ ಶಿಷ್ಯರ ಕಣ್ಣೆದುರಿಗೇ. ಸರಿಯಾಗಿ ಕಲಿಯದವರ ಕೈಗೆ ಬೆಲೂನು ಸಿಕ್ಕರೆ ರೋಗಿಗೂ ಕೇಡು, ವಿದ್ಯೆಗೂ ಕೇಡು ಎಂದು ಆತನು ಅಂಜುತ್ತಿದ್ದನು. ತರಬೇತಿ ಪಡೆದವರಿಗೆ ಮಾತ್ರ ಅದು ದೊರೆಯುವಂತೆ ಮೊದಮೊದಲು ಎಚ್ಚರ ವಹಿಸಿದನು. ಮಾಡಿದ ಪ್ರತಿಯೊಂದು ಚಿಕಿತ್ಸೆಯನ್ನೂ, ಗೆದ್ದದ್ದಾಗಲಿ ಸೋತದ್ದಾಗಲಿ, ಒಂದು ಸಾಮಾನ್ಯ ದಾಖಲೆಯಲ್ಲಿ ಎಲ್ಲ ವೈದ್ಯರೂ ಬರೆಯಿಸಬೇಕೆಂಬ ಪದ್ಧತಿ ಅಮೆರಿಕದಲ್ಲಿ ೧೯೭೯ರಲ್ಲಿ ಆರಂಭವಾದಾಗ ಅದಕ್ಕೆ ಬೆನ್ನೆಲುಬಾದವರಲ್ಲಿ ಆತನೊಬ್ಬನು.

ಹೆಚ್ಚಿನ ಅವಕಾಶವನ್ನರಸಿ ೧೯೮೦ರಲ್ಲಿ ಗ್ರುಂಟ್ಸಿಗ್ ಅಮೆರಿಕದ ಅಟ್ಲಾಂಟಾ ನಗರದ ಎಮರಿ ವಿಶ್ವವಿದ್ಯಾನಿಲಯಕ್ಕೆ ಹೋದನು. ಕೀರ್ತಿ ಬಂದಿತು, ಸಂಪತ್ತು ಬಂದಿತು. ದೇಶದೇಶಗಳಿಂದ ಶಿಷ್ಯರು ಬಂದರು. ಜೊತೆಗೆ ಹೊಸ ಚಿಂತೆಯೂ ಬಂದಿತು. ತೆರೆದ ನಾಳಗಳಲ್ಲಿ ಸುಮಾರು ಮೂರರಲ್ಲಿ ಒಂದು ಆರು ತಿಂಗಳೊಳಗೆ ಮತ್ತೆ ಕಿರಿದಾಗುತ್ತಿತ್ತು. ಹಿಗ್ಗಿಸಿದ ಗಾಯವನ್ನು ಮಾಯಿಸಲು ಹೋಗಿ ಗೋಡೆಯೇ ಮತ್ತೆ ಬೆಳೆಯುವುದು ಇದಕ್ಕೆ ಕಾರಣ. ಇದನ್ನೂ ಆತನು ಮರೆಮಾಚಲಿಲ್ಲ.

ಇಷ್ಟು ಎಚ್ಚರದ ಮನುಷ್ಯನಲ್ಲಿ ಇನ್ನೊಬ್ಬನೂ ಇದ್ದನು. ವೇಗವೆಂದರೆ ಆತನಿಗೆ ಪ್ರೀತಿ. ಸ್ವಂತ ವಿಮಾನವನ್ನು ತಾನೇ ಹಾರಿಸುತ್ತಿದ್ದನು. ೧೯೮೫ರ ಅಕ್ಟೋಬರ್ ೨೭, ಭಾನುವಾರ. ಹವೆ ಕೆಟ್ಟಿತ್ತು. ಕಡಲತೀರದ ಮನೆಯಿಂದ ಅಟ್ಲಾಂಟಾಕ್ಕೆ, ವೈದ್ಯೆಯೂ ಆಗಿದ್ದ ಎರಡನೆಯ ಹೆಂಡತಿ ಮಾರ್ಗರೆಟ್ ಆನ್‌ಳೊಡನೆ ಹೊರಟ ವಿಮಾನ ಜಾರ್ಜಿಯಾ ಸಂಸ್ಥಾನದ ಫೋರ್ಸೈತ್ ಎಂಬ ಊರಿನ ಬಳಿ ನೆಲಕ್ಕೆ ಬಿದ್ದಿತು. ಇಬ್ಬರೂ ತೀರಿಕೊಂಡರು. ಆತನಿಗೆ ಆಗ ೪೬ ವರ್ಷ. ನಳಿಕೆಯ ತುದಿಯನ್ನು ಒಂದೊಂದೇ ಮಿಲಿಮೀಟರು ಸರಿಸಲು ಕಲಿಸಿದವನು ಮೋಡದ ಮುಂದೆ ಏಕೆ ನಿಲ್ಲಲಿಲ್ಲವೆಂಬ ಪ್ರಶ್ನೆಗೆ ಜೀವನಚರಿತ್ರೆಯಲ್ಲಿ ಉತ್ತರವಿಲ್ಲ. ಅದೇ ವರ್ಷ ಜಡ್ಕಿನ್ಸ್, ಡಾಟರ್, ಸೋನ್ಸ್ ಮೂವರೂ ಅದಕ್ಕೆ ಮೊದಲೇ ಅಗಲಿದ್ದರು. ಒಂದೇ ಸಂವತ್ಸರ ಒಂದು ವಿದ್ಯೆಯ ನಾಲ್ವರು ಹಿರಿಯರನ್ನು ಕರೆದುಕೊಂಡಿತು.

ಎರಡು ವರ್ಷದ ಮೇಲೆ, ೧೯೮೭ರಲ್ಲಿ, ಆ ಮೊದಲ ರೋಗಿ ಅಟ್ಲಾಂಟಾಕ್ಕೆ ಬಂದು ತನ್ನ ಹೃದಯವನ್ನು ಮತ್ತೆ ಪರೀಕ್ಷಿಸಿಕೊಂಡನು. ಹತ್ತು ವರ್ಷದ ಹಿಂದೆ ತೆರೆದ ನಾಳ ತೆರೆದೇ ಇತ್ತು. ತೆರೆದವನು ನೋಡಲು ಇರಲಿಲ್ಲ.

ಈಗ ಆತನು ಹಾಕಿಕೊಂಡ ಎಲ್ಲೆಯ ಮಾತಿಗೆ ಬರುತ್ತೇನೆ. ಆತನು ಮೊದಮೊದಲು ತನ್ನ ಕ್ರಮಕ್ಕೆ ಆರಿಸಿದ್ದು ಕಿರಿದಾದ ನಾಳಗಳನ್ನು, ಪೂರ್ತಿ ಮುಚ್ಚಿದವನ್ನಲ್ಲ. ಕಾರಣ ಸರಳವಾದುದು. ಕಿರಿದಾದ ದಾರಿಯಲ್ಲಿ ರಕ್ತದ ಎಳೆಯೊಂದು ಹರಿಯುತ್ತಿರುತ್ತದೆ. ನಳಿಕೆ ಅದನ್ನು ಹಿಂಬಾಲಿಸಬಹುದು. ಪೂರ್ತಿ ಮುಚ್ಚಿದಲ್ಲಿ ಹಿಂಬಾಲಿಸಲು ಏನೂ ಇಲ್ಲ. ಕ್ಷಕಿರಣದಲ್ಲಿ ನಾಳ ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಬಲವಂತವಾಗಿ ತಳ್ಳಿದರೆ ನಳಿಕೆ ಗೋಡೆಯನ್ನು ತೂತುಮಾಡಿ ಹೃದಯದ ಚೀಲದೊಳಗೆ ರಕ್ತ ತುಂಬಬಹುದು. ಆ ಕಾಲದ ಸಾಧನಗಳಿಗೆ ಅದು ಮುಚ್ಚಿದ ಬಾಗಿಲು. ಕಾಲಿನಲ್ಲಿ ಡಾಟರನ ನಳಿಕೆ ಅಂಥ ಬಾಗಿಲನ್ನು ದಾಟಿತ್ತೆಂಬುದು ಗ್ರುಂಟ್ಸಿಗ್‌ಗೆ ತಿಳಿಯದ್ದಲ್ಲ. ಆದರೂ ಹೃದಯದಲ್ಲಿ ಆತನು ಮೊದಮೊದಲು ಅದನ್ನು ಒದೆಯಲಿಲ್ಲ.

ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ಒಮ್ಮೆಲೇ ಮುಚ್ಚಿದ ನಾಳ ಹೃದಯಾಘಾತ. ಅಲ್ಲಿ ನಿಮಿಷ ನಿಮಿಷಕ್ಕೂ ಸ್ನಾಯು ಸಾಯುತ್ತದೆ. ತಡಮಾಡದೆ ಬೆಲೂನಿನಿಂದ ತೆರೆಯುವುದೇ ಇಂದಿನ ಉತ್ತಮ ಚಿಕಿತ್ಸೆ. ಹೆಪ್ಪು ಇನ್ನೂ ಮೆತ್ತಗಿರುವುದರಿಂದ ದಾರಿ ಸಿಕ್ಕುತ್ತದೆ. ಮೂರು ತಿಂಗಳಿಗೂ ಮೇಲ್ಪಟ್ಟು ಮುಚ್ಚಿಕೊಂಡಿರುವ ಹಳೆಯ ಅಡೆ ಬೇರೆ ಜಾತಿಯದು. ಅಲ್ಲಿ ಹೆಪ್ಪು ಗಟ್ಟಿಯಾಗಿ, ನಾರಾಗಿ, ಕೆಲವು ವೇಳೆ ಸುಣ್ಣಗಟ್ಟಿ ಕಲ್ಲಾಗಿರುತ್ತದೆ. ಪರಿಧಮನಿಯ ರೋಗವುಳ್ಳವರ ಚಿತ್ರ ತೆಗೆದಾಗ ಹೆಚ್ಚುಕಡಮೆ ಐದರಲ್ಲಿ ಒಬ್ಬರಲ್ಲಿ ಇಂಥ ಅಡೆ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನವರಿಗೆ ಇದೇ ಆಗಿತ್ತು. ಬಲ ಪರಿಧಮನಿ ನೂರಕ್ಕೆ ನೂರು ಮುಚ್ಚಿದೆಯೆಂದು ವೈದ್ಯರು ಹೇಳಿದಾಗ, ಹಾಗಾದರೆ ಇವರು ಬದುಕಿರುವುದಾದರೂ ಹೇಗೆಂದು ನಾನು ಗಾಬರಿಯಾದೆ. ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಮಾವನವರಿಗೆ ವೈದ್ಯರ ಉತ್ತರ ನನಗಿಂತ ಬೇಗ ಅರ್ಥವಾಯಿತು. ದೊಡ್ಡ ಕಾಲುವೆ ನಿಧಾನವಾಗಿ ಮುಚ್ಚುತ್ತ ಬಂದಾಗ ಪಕ್ಕದ ಸಣ್ಣ ಕವಲುಗಳು ಹಿಗ್ಗಿ, ಎಡದ ನೀರು ಬಲದ ಗದ್ದೆಗೂ ಹಾಯುವಂತೆ ಹೃದಯವೇ ಏರ್ಪಾಡು ಮಾಡಿಕೊಂಡಿರುತ್ತದೆ. ಗದ್ದೆ ಒಣಗುವುದಿಲ್ಲ, ಬೇಸಗೆಯಲ್ಲಿ, ಅಂದರೆ ಶ್ರಮಪಟ್ಟಾಗ, ಮಾತ್ರ ನೀರು ಸಾಲದು. ಮಾವನವರಿಗೆ ಮಾತ್ರೆಗಳಿಂದಲೇ ನೋವು ತಗ್ಗಿದ್ದರಿಂದ ಅಷ್ಟಕ್ಕೇ ಬಿಡಲಾಯಿತು. ಗ್ರುಂಟ್ಸಿಗ್‌ನ ವಿಷಯವನ್ನು ನಾನು ಓದತೊಡಗಿದ್ದು ಆ ದಿನಗಳಲ್ಲಿ.

ಮುಚ್ಚಿದ ಬಾಗಿಲನ್ನು ಆತನ ತರುವಾಯದವರು ತೆರೆದರು. ಮೊದಲ ಹೆಜ್ಜೆ ಆತನ ಜೀವಿತಕಾಲದಲ್ಲಿಯೇ ಬಿದ್ದಿತ್ತು. ಅಮೆರಿಕದ ಜಾನ್ ಸಿಂಪ್ಸನ್, ಬೆಲೂನಿನ ಒಳಗಿನಿಂದ ಬೇರೆಯಾಗಿ ಚಲಿಸುವ ತೆಳು ತಂತಿಯೊಂದನ್ನು ರೂಪಿಸಿದನು. ತಂತಿ ಮೊದಲು ದಾರಿಯನ್ನು ಹುಡುಕುವುದು, ಬೆಲೂನು ಅದರ ಮೇಲೆ ಜಾರಿಕೊಂಡು ಹೋಗುವುದು; ಇಂದಿನವರೆಗೂ ಇದೇ ಕ್ರಮ. ೧೯೮೬ರಲ್ಲಿ ಫ್ರಾನ್ಸಿನ ಜಾಕ್ ಪುಯೆಲ್, ಸ್ವಿಟ್ಸರ್ಲೆಂಡಿನ ಉಲ್ರಿಖ್ ಸಿಗ್ವಾರ್ಟ್ ಇವರು ತೆರೆದ ದಾರಿ ಕುಸಿಯದಂತೆ ಲೋಹದ ಜಾಲರಿಯ ಕೊಳವೆಯನ್ನು ಅಲ್ಲಿಯೇ ಇರಿಸಿಬಂದರು. ನಮ್ಮ ಹಳ್ಳಿಗಳಲ್ಲಿಯೂ ಇಂದು ಸ್ಟೆಂಟ್ ಹಾಕಿಸಿದರು ಎಂದು ಮಾತಾಡಿಕೊಳ್ಳುವುದು ಇದನ್ನೇ. ಮುಂದೆ ಆ ಜಾಲರಿಗೆ ಔಷಧವನ್ನು ಲೇಪಿಸಿ, ನಾಳ ಮತ್ತೆ ಕಿರಿದಾಗುವುದನ್ನು ಬಹುಮಟ್ಟಿಗೆ ತಡೆದರು.

ಹಳೆಯ ಪೂರ್ಣ ಅಡೆಗಳನ್ನು ತೆರೆಯುವ ವಿದ್ಯೆಯನ್ನು ಬೆಳೆಸಿದವರಲ್ಲಿ ಜಪಾನಿನ ವೈದ್ಯರು ಮುಂದಾಳುಗಳು. ಎರಡು ನಳಿಕೆಗಳಿಂದ ಎರಡೂ ಕಡೆ ಬಣ್ಣ ಹರಿಸಿ, ಅಡೆಯ ಈಚಿನ ದಡವನ್ನೂ ಆಚಿನ ದಡವನ್ನೂ ಒಮ್ಮೆಗೇ ನೋಡುತ್ತಾರೆ. ಮೊನಚಾದ, ಗಡುಸಾದ ತಂತಿಯಿಂದ ಎದುರಿನಿಂದಲೇ ಭೇದಿಸಲು ನೋಡುತ್ತಾರೆ. ಅದು ಸಾಗದಿದ್ದರೆ ಗೋಡೆಯ ಪದರಗಳ ನಡುವೆ ತಂತಿಯನ್ನು ನುಸುಳಿಸಿ, ಅಡೆಯನ್ನು ಬಳಸಿ, ಆಚೆ ಮತ್ತೆ ನಿಜವಾದ ದಾರಿಗೆ ಇಳಿಸುತ್ತಾರೆ. ಅದೂ ಆಗದಿದ್ದರೆ ಹಿತ್ತಲ ಬಾಗಿಲು: ಮೇಲೆ ಹೇಳಿದ ಸಣ್ಣ ಕವಲುಗಳ ಮೂಲಕವೇ ಕೂದಲಿನಂಥ ತಂತಿಯನ್ನು ಹಾಯಿಸಿ, ಅಡೆಯ ಹಿಂದಿನಿಂದ ಬಂದು ತಟ್ಟುತ್ತಾರೆ. ಹೃದಯವು ತನ್ನ ಪ್ರಾಣ ಉಳಿಸಿಕೊಳ್ಳಲು ತೋಡಿಕೊಂಡ ಕಾಲುವೆಯೇ ವೈದ್ಯನಿಗೂ ದಾರಿಯಾಗುತ್ತದೆ. ಗಂಟೆಗಟ್ಟಲೆಯ ತಾಳ್ಮೆಯ ಕೆಲಸ ಇದು. ನುರಿತವರ ಕೈಯಲ್ಲಿ ಇಂದು ನೂರಕ್ಕೆ ೮೫ರಿಂದ ೯೦ ಇಂಥ ಬಾಗಿಲುಗಳು ತೆರೆಯುತ್ತವೆ. ನೂರರಲ್ಲಿ ಇಬ್ಬರು ಮೂವರಿಗೆ ಗಂಭೀರವಾದ ತೊಡಕಾಗುವುದೂ ಉಂಟು.

ತೆರೆಯಬಲ್ಲೆವೆಂದ ಮಾತ್ರಕ್ಕೆ ತೆರೆಯಲೇಬೇಕೆ? ಗ್ರುಂಟ್ಸಿಗ್ ೧೯೭೯ರಲ್ಲಿ ಕೇಳಿದ್ದ ಬಗೆಯ ಪರೀಕ್ಷೆಗಳು ಈ ವಿಷಯದಲ್ಲಿಯೂ ನಡೆದುವು. ೨೦೧೮ರಲ್ಲಿ ಪ್ರಕಟವಾದ ಯೂರೋಪಿನ ಪರೀಕ್ಷೆಯಲ್ಲಿ, ಮಾತ್ರೆಗಳನ್ನಷ್ಟೇ ಪಡೆದವರಿಗಿಂತ ನಾಳ ತೆರೆಸಿಕೊಂಡವರಲ್ಲಿ ಎದೆನೋವು ಹೆಚ್ಚಾಗಿ ತಗ್ಗಿತು. ೨೦೧೯ರಲ್ಲಿ ಕೊರಿಯಾದ ಮುಂದಾಳುತನದಲ್ಲಿ ಹೊರಬಂದ ಪರೀಕ್ಷೆಯಲ್ಲಿ, ಮರಣ, ಹೃದಯಾಘಾತ ಮುಂತಾದ ವಿಪತ್ತುಗಳಲ್ಲಿ ಎರಡು ಪಂಗಡಗಳಿಗೂ ಗಣನೀಯ ಅಂತರ ಕಾಣಲಿಲ್ಲ. ಆದ್ದರಿಂದ ವಿವೇಕಿಗಳಾದ ತಜ್ಞರು ಇಂದು ನಾಳದ ಚಿತ್ರವನ್ನಷ್ಟೇ ನೋಡಿ ಹೊರಡುವುದಿಲ್ಲ. ಎಲ್ಲರಿಗೂ ಮೊದಲು ಮಾತ್ರೆ, ಪಥ್ಯ, ತಂಬಾಕಿನ ತ್ಯಾಗ. ಇಷ್ಟಾದರೂ ನೋವು ಬಿಡದವರಿಗೆ, ಅಡೆಯ ಆಚೆಯ ಸ್ನಾಯು ಜೀವಂತವಾಗಿದ್ದರೆ, ತಂತಿ ಮತ್ತು ಬೆಲೂನು. ಹಲವು ನಾಳಗಳು ಕೆಟ್ಟಿದ್ದರೆ ಬೈಪಾಸು. ಯಾರಿಗೆ ಯಾವುದೆಂದು ತೂಗಿನೋಡುವ ಈ ವಿವೇಚನೆ, ಸಾವಿರ ಬೆಲೂನುಗಳಿಗಿಂತ ಹೆಚ್ಚಾಗಿ, ಗ್ರುಂಟ್ಸಿಗ್ ಬಿಟ್ಟುಹೋದ ಆಸ್ತಿಯೆಂದು ನನಗೆ ತೋರುತ್ತದೆ.

ಮಹಾಪುರುಷರ ಜೀವನದಿಂದ ಏನನ್ನು ಕಲಿಯಬೇಕೆಂದು ವಿದ್ಯಾರ್ಥಿಗಳು ಕೇಳಿದರೆ, ಅವರ ಸಾಹಸವನ್ನು ತೋರಿಸುವುದು ನಮ್ಮ ಉಪಾಧ್ಯಾಯರ ವಾಡಿಕೆ. ಈ ಜೀವನದಲ್ಲಿ ನಾನು ತೋರಿಸಬಯಸುವುದು ಒಂದು ಲೆಕ್ಕವನ್ನು. ಐವತ್ತರಲ್ಲಿ ಮೂವತ್ತೆರಡು ಗೆದ್ದವನು ಉಳಿದ ಹದಿನೆಂಟನ್ನೂ ಅದೇ ಪುಟದಲ್ಲಿ ಬರೆದನು. ಆ ಹದಿನೆಂಟನ್ನು ಓದಿದವರೇ ಮುಂದೆ ಒಳ್ಳೆಯ ತಂತಿಯನ್ನೂ ಒಳ್ಳೆಯ ಬೆಲೂನನ್ನೂ ಮಾಡಿ, ಆತನು ಮೊದಮೊದಲು ಮುಟ್ಟದೆ ಬಿಟ್ಟ ಬಾಗಿಲುಗಳನ್ನು ತೆರೆದರು.